ಒಂದೂವರೆ ಇಂಚಿನ ಸುಳ್ಳು

ಒಂದು ಇಡೀ ಕಾಡನ್ನು ನಾನು ಮೂವತ್ತು ತುಂಡು ಮಾಡಿದ್ದೇನೆ. ಕೊಡಲಿ ಬೇಕಾಗಲಿಲ್ಲ, ಪಿಜ್ಜಾ ಕಟರ್ ಥರ ಉರುಳೋ ಒಂದು ರೋಟರಿ ಕಟರ್ ಸಾಕಾಯ್ತು. ಕಾಡು ಇದ್ದದ್ದು ಒಂದು ಗಜ ಬಟ್ಟೆಯ ಮೇಲೆ. ಶರತ್ಕಾಲದ ಮರಗಳು, ನಡುವೆ ಒಂದು ತೊರೆ, ಬಲಗಡೆ ಮೂಲೆಯಲ್ಲಿ ಇಳಿಯುತ್ತಿರೋ ಸೂರ್ಯ. ಅಮೆರಿಕದ ಕ್ವಿಲ್ಟ್ ಅಂಗಡಿಗಳಲ್ಲಿ ಇದನ್ನು ‘ಪ್ಯಾನೆಲ್’ ಅಂತ ಮಾರುತ್ತಾರೆ. ಥಾನಿನ ಬಟ್ಟೆಯಲ್ಲಿ ಒಂದೇ ವಿನ್ಯಾಸ ಮತ್ತೆ ಮತ್ತೆ ಬರುತ್ತದಲ್ಲ, ಇದರಲ್ಲಿ ಹಾಗಲ್ಲ. ಒಂದು ಪ್ಯಾನೆಲ್ ಅಂದರೆ ಒಂದು ಪೂರ್ತಿ ಚಿತ್ರ. ತೋಳ, ಲೈಟ್‌ಹೌಸ್, ಜಿಂಕೆ, ಹಿಮದ ಬೆಟ್ಟ, ಏನು ಬೇಕೋ ಅದು ಸಿಗುತ್ತೆ.

ಕೆಲಸದ ಮೇಲೆ ಪೆನ್ಸಿಲ್ವೇನಿಯಾದಲ್ಲಿ ಇದ್ದಾಗ ಚಳಿಗಾಲ ಕಳೆಯೋದಕ್ಕೆ ಅಂತ ಕ್ವಿಲ್ಟ್ ಕಲಿಯೋಕೆ ಹೋದವಳು ನಾನು. ಎರಡನೇ ಚಳಿಗಾಲದಲ್ಲಿ ಬೆಂಗಳೂರಿನಿಂದ ಅಮ್ಮನ ಫೋನ್ ಬಂತು. ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಯ್ತು, ಆಮೇಲೆ ತಿಂಗಳುಗಟ್ಟಲೆ ಹಾಸಿಗೆ. ಅವರ ಕೋಣೆಗೆ ಇರೋದು ಒಂದೇ ಕಿಟಕಿ. ಅದನ್ನು ತೆರೆದರೆ ಪಕ್ಕದ ಅಪಾರ್ಟ್‌ಮೆಂಟಿನ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಾನು ಚಿಕ್ಕವಳಿದ್ದಾಗ ಅಲ್ಲೊಂದು ಹಲಸಿನ ಮರ ಇತ್ತು. ವಿಡಿಯೋ ಕಾಲ್‌ನಲ್ಲಿ ಅಪ್ಪನ ಹಿಂದೆ ಯಾವಾಗಲೂ ಬೂದು ಸಿಮೆಂಟೇ ಕಾಣೋದು. ಅದನ್ನು ನೋಡಿ ನೋಡಿ ನಾನು ತೀರ್ಮಾನ ಮಾಡಿದೆ: ಅಪ್ಪನಿಗೆ ಒಂದು ಕಿಟಕಿ ಹೊಲಿದು ಕಳಿಸಬೇಕು.

ಕ್ವಿಲ್ಟ್‌ನಲ್ಲಿ ಅದಕ್ಕೊಂದು ಹಳೆಯ ವಿನ್ಯಾಸವೇ ಇದೆ, ‘ಆಟಿಕ್ ವಿಂಡೋಸ್’ ಅಂತ, ಅಂದರೆ ಅಟ್ಟದ ಕಿಟಕಿಗಳು. ಲೆಕ್ಕ ಬಹಳ ಸರಳ. ಒಂದು ಚೌಕದ ಎಡಕ್ಕೆ ಒಂದು ಪಟ್ಟಿ, ಕೆಳಗೆ ಒಂದು ಪಟ್ಟಿ. ಒಂದು ಗಾಢ ಬಣ್ಣದ್ದು, ಇನ್ನೊಂದು ತಿಳಿ ಬಣ್ಣದ್ದು. ಎರಡೂ ಸೇರೋ ಮೂಲೆಯಲ್ಲಿ 45 ಡಿಗ್ರಿಗೆ ಓರೆ ಹೊಲಿಗೆ. ಅಷ್ಟು ಮಾಡಿದ ಕೂಡಲೇ ಚಪ್ಪಟೆ ಬಟ್ಟೆಗೆ ಆಳ ಬಂದುಬಿಡುತ್ತೆ. ಗಾಢ ಪಟ್ಟಿ ಗೋಡೆಯ ದಪ್ಪ, ತಿಳಿ ಪಟ್ಟಿ ಕಿಟಕಿಯ ಕಟ್ಟೆ, ಚೌಕ ಆಚೆಗಿನ ಲೋಕ. ಪ್ಯಾನೆಲನ್ನು ಚೌಕ ಚೌಕವಾಗಿ ಕತ್ತರಿಸಿ, ಪ್ರತಿ ಚೌಕಕ್ಕೂ ಹೀಗೆ ಪಟ್ಟಿ ಕೊಟ್ಟು ಮತ್ತೆ ಜೋಡಿಸಿದರೆ, ದೊಡ್ಡದೊಂದು ಕಿಟಕಿಯಾಚೆ ಇಡೀ ದೃಶ್ಯ ಕಂಡ ಹಾಗೆ. ಕಷ್ಟ ಇರೋದು ಓರೆ ಮೂಲೆಯಲ್ಲಿ ಮಾತ್ರ. ಹೊಲಿಗೆಯನ್ನು ಅಂಚಿಗೆ ಕಾಲಿಂಚು ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಮೂಲೆ ಸುಕ್ಕಾಗುತ್ತೆ. ನನ್ನ ಮೊದಲ ಎಂಟು ಮೂಲೆ ಬಿಚ್ಚಿ ಬಿಚ್ಚಿ ಹೊಲಿದವು.

ಇಂಥದ್ದನ್ನು ಹೊಲಿದೆ ಅಂದರೆ ಕ್ವಿಲ್ಟಿನ ಪಂಡಿತರು ಮೂಗು ಮುರಿಯುತ್ತಾರೆ. ಚಿತ್ರ ಯಾರೋ ಬರೆದದ್ದು, ಮಷೀನು ಅಚ್ಚು ಹಾಕಿದ್ದು. ನೀನೇನು ಮಾಡಿದೆ, ಕತ್ತರಿಸಿ ಅಂಟಿಸಿದೆ ತಾನೇ? ನಾನಿದ್ದ ಊರಿನ ಹತ್ತಿರದ ಲ್ಯಾಂಕಾಸ್ಟರ್ ಕಡೆಯ ಹಳೆಯ ಆಮಿಶ್ ಕ್ವಿಲ್ಟ್‌ಗಳಲ್ಲಿ ಅಚ್ಚಿನ ಬಟ್ಟೆಯೇ ಇರಲ್ಲ, ಬರೀ ಒಂದೊಂದೇ ಬಣ್ಣದ ದೊಡ್ಡ ದೊಡ್ಡ ತುಂಡು. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅಮೆರಿಕನ್ ಕ್ವಿಲ್ಟ್‌ಗಳನ್ನು ಅಮೂರ್ತ ಚಿತ್ರಗಳ ಹಾಗೆ ಗೋಡೆಗೆ ತೂಗುಹಾಕಿತು. 2002ರಲ್ಲಿ ಅಲಬಾಮಾದ ಜೀಸ್ ಬೆಂಡ್ ಹಳ್ಳಿಯ ಕಪ್ಪು ಹೆಂಗಸರ ಕ್ವಿಲ್ಟ್‌ಗಳಿಗೂ ಹ್ಯೂಸ್ಟನ್ನಿನಲ್ಲಿ, ಆಮೇಲೆ ಅದೇ ವಿಟ್ನಿಯಲ್ಲಿ ಆ ಮರ್ಯಾದೆ ಸಿಕ್ಕಿತು. ಸಿಗಲೇಬೇಕಿತ್ತು. ಆದರೆ ಪ್ಯಾನೆಲ್ ಕ್ವಿಲ್ಟ್ ಯಾವ ಗೋಡೆಗೂ ಹತ್ತಲ್ಲ. ಅದು ಸೋಫಾ ಮೇಲೆ, ಮಗುವಿನ ತೊಟ್ಟಿಲಲ್ಲಿ, ರೋಗಿಯ ಕಾಲ ಮೇಲೆ ಇರುತ್ತೆ.

‘ಮೋಸ’ ಅನ್ನೋ ಆರೋಪ ನನಗೆ ಒಪ್ಪಿಗೆ ಇಲ್ಲ. ಕಾರಣ ನಮ್ಮ ಕಡೆಯೇ ಇದೆ. ಮಚಲೀಪಟ್ಟಣದ ಕಡೆಯಿಂದ, ಕೋರಮಂಡಲ ತೀರದಿಂದ ಹಡಗು ಹತ್ತಿ ಹೋದ ಚಿಂಟ್ಜ್ ಬಟ್ಟೆಗೆ ಯುರೋಪು ಮರುಳಾಗಿತ್ತು. ಎಷ್ಟು ಅಂದರೆ, ಇಂಗ್ಲೆಂಡು ತನ್ನ ನೇಕಾರರನ್ನು ಉಳಿಸೋಕೆ 18ನೇ ಶತಮಾನದ ಶುರುವಿನಲ್ಲೇ ಅದರ ಮೇಲೆ ನಿಷೇಧ ಹಾಕಿ, 1774ರಲ್ಲಷ್ಟೇ ತೆಗೆಯಿತು. ದುಬಾರಿ ಬಟ್ಟೆ. ಹಾಗಾಗಿ ಅದರೊಳಗಿನ ಒಂದೊಂದು ಹೂವು, ಹಕ್ಕಿ, ಮರವನ್ನು ಕತ್ತರಿಸಿ ಬೇರೆ ಸಾದಾ ಬಟ್ಟೆಯ ಮೇಲೆ ಹೊಲಿದು ಹಾಸಿಗೆ ಹೊದಿಕೆ ಮಾಡುತ್ತಿದ್ದರು. ಆಮೇಲೆ 19ನೇ ಶತಮಾನದ ಶುರುವಿಗೆ ಇಂಗ್ಲೆಂಡಿನಲ್ಲಿ ಕ್ವಿಲ್ಟಿನ ನಡುವೆ ಇಡೋಕೆ ಅಂತಲೇ ಪ್ಯಾನೆಲ್ ಅಚ್ಚು ಹಾಕತೊಡಗಿದರು. 1813ರಲ್ಲಿ ವೆಲಿಂಗ್ಟನ್ ವಿಟೋರಿಯಾದಲ್ಲಿ ಗೆದ್ದದ್ದಕ್ಕೂ ಒಂದು ಪ್ಯಾನೆಲ್ ಬಂದಿತ್ತು. ಈಗ ಆ ಕ್ವಿಲ್ಟ್‌ಗಳು ಮ್ಯೂಸಿಯಂ ಸೇರಿವೆ. ಇನ್ನೊಬ್ಬರ ಚಿತ್ರ ಕತ್ತರಿಸಿ ಹೊಲಿಯೋದು ಸೋಮಾರಿಗಳು ನಿನ್ನೆ ಮೊನ್ನೆ ಕಂಡುಹಿಡಿದ ದಾರಿ ಅಲ್ಲ. ಇನ್ನೂರು ವರ್ಷ ದಾಟಿದ ಪದ್ಧತಿ.

ಹಾಗಂತ ಪ್ಯಾನೆಲ್ ಕಿಟಕಿ ಕ್ವಿಲ್ಟ್‌ಗಳೆಲ್ಲಾ ಚೆನ್ನಾಗಿವೆ ಅಂತಲ್ಲ. ಬಹಳಷ್ಟು ಕೆಟ್ಟದಾಗಿವೆ, ನನ್ನದೂ ಸೇರಿ. ಆದರೆ ಅವು ಕೆಡೋದು ಪಂಡಿತರು ಹೇಳೋ ಕಾರಣಕ್ಕಲ್ಲ. ಅದನ್ನು ತೋರಿಸಿಕೊಟ್ಟವರು ಅಪ್ಪ.

ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವರು. ಟೀ ಸ್ಕ್ವೇರ್, ಸೆಟ್ ಸ್ಕ್ವೇರ್, ಟ್ರೇಸಿಂಗ್ ಪೇಪರ್ ಕಾಲದವರು. ನಾನು ರಜಾ ಹಾಕಿ ಬಂದು ಸೂಟ್‌ಕೇಸಿನಿಂದ ಕ್ವಿಲ್ಟ್ ತೆಗೆದು ಅವರ ಕಾಲ ಮೇಲೆ ಹರಡಿದಾಗ, ಕಣ್ಣಲ್ಲಿ ನೀರು ಬರುತ್ತೆ ಅಂತ ಕಾದಿದ್ದೆ. ಅಪ್ಪ ಕನ್ನಡಕ ಹಾಕಿಕೊಂಡರು. ಎರಡು ನಿಮಿಷ ನೋಡಿದರು. ಆಮೇಲೆ ಬೆರಳಿಟ್ಟು ಕೇಳಿದರು:

“ಈ ಕೊಂಬೆ ಎಲ್ಲಿಗೆ ಹೋಯ್ತು?”

“ಅಪ್ಪಾ, ಅದು ಚೌಕಟ್ಟಿನ ಹಿಂದೆ ಇದೆ.”

“ಹಿಂದೆ ಹೋದದ್ದು ಈ ಕಡೆ ನೇರ ಬರಬೇಕಲ್ಲ? ಇದು ಕೆಳಗೆ ಬಂದಿದೆ ನೋಡು.”

ನೋಡಿದೆ. ಎಡಗಡೆ ಕಿಟಕಿಯಿಂದ ಓರೆಯಾಗಿ ಮೇಲಕ್ಕೆ ಹೋದ ಕೊಂಬೆ ಬಲಗಡೆ ಕಿಟಕಿಯಲ್ಲಿ ಇರಬೇಕಾದ ಜಾಗಕ್ಕಿಂತ ಕೆಳಗೆ ಶುರುವಾಗಿತ್ತು. ಮೂರು ತಿಂಗಳು ಹೊಲಿದವಳಿಗೆ ಕಾಣದ್ದು ಅವರಿಗೆ ಎರಡೇ ನಿಮಿಷದಲ್ಲಿ ಕಂಡಿತ್ತು. ಅಮ್ಮ ಅಡುಗೆಮನೆಯಿಂದಲೇ “ಮಗಳು ಅಷ್ಟು ದೂರದಿಂದ ಹೊತ್ಕೊಂಡು ಬಂದಿದ್ದಾಳೆ, ನಿಮಗೆ ಕೊಂಬೇದೇ ಚಿಂತೆ” ಅಂತ ಗದರಿದರು.

ಗಣಿತ ಹೀಗಿದೆ. ನಿಜವಾದ ಕಿಟಕಿಯಲ್ಲಿ ಎರಡಿಂಚಿನ ಚೌಕಟ್ಟು ಇದ್ದರೆ ಅದರ ಹಿಂದಿನ ಎರಡಿಂಚಿನಷ್ಟು ದೃಶ್ಯ ಮರೆಯಾಗುತ್ತೆ. ಕ್ವಿಲ್ಟ್‌ನಲ್ಲಿ ಹಾಗಲ್ಲ. ನಾನು ಪಕ್ಕಪಕ್ಕದಲ್ಲೇ ಕತ್ತರಿಸಿದ ಎರಡು ಚೌಕಗಳ ನಡುವೆ ಚಿತ್ರದಲ್ಲಿ ಕಳೆದುಹೋಗೋದು ಹೊಲಿಗೆಯೊಳಗೆ ಸೇರೋ ಕಾಲಿಂಚು ಈ ಕಡೆ, ಕಾಲಿಂಚು ಆ ಕಡೆ, ಒಟ್ಟು ಅರ್ಧ ಇಂಚು ಮಾತ್ರ. ಆದರೆ ನಡುವೆ ಸೇರಿಸಿದ ಪಟ್ಟಿ ಎರಡಿಂಚು. ಅಂದರೆ ಕಿಟಕಿ ಚಿತ್ರವನ್ನು ಮರೆಮಾಡುತ್ತಿಲ್ಲ, ಒಂದೂವರೆ ಇಂಚು ಆಚೆಗೆ ತಳ್ಳುತ್ತಿದೆ. ನೇರ ನಿಂತ ಮರದ ಕಾಂಡಕ್ಕೆ, ಅಡ್ಡ ಮಲಗಿದ ದಿಗಂತಕ್ಕೆ ಇದರಿಂದ ಏನೂ ಆಗಲ್ಲ. ಪಟ್ಟಿ ದಾಟಿದರೂ ಅವು ಅದೇ ಗೆರೆಯಲ್ಲೇ ಮುಂದುವರಿಯುತ್ತವೆ. ಪೆಟ್ಟು ಬೀಳೋದು ಓರೆ ಗೆರೆಗಳಿಗೆ. 45 ಡಿಗ್ರಿಯಲ್ಲಿ ಹೋಗೋ ಕೊಂಬೆ ಸರಿಯಾಗಿ ಒಂದೂವರೆ ಇಂಚು ತಪ್ಪುತ್ತೆ.

ಇದನ್ನು ಗೊತ್ತು ಮಾಡಿಕೊಂಡ ಮೇಲೆ ನಾನು ನೋಡಿದ ಕಿಟಕಿ ಕ್ವಿಲ್ಟ್‌ಗಳನ್ನೆಲ್ಲಾ ನೆನಪಿಸಿಕೊಂಡೆ. ಕೆಲವು ಯಾಕೆ ಹಿಡಿಸಿದವು, ಕೆಲವು ಯಾಕೆ ಕಿರಿಕಿರಿ ಮಾಡಿದವು ಅಂತ ಅರ್ಥವಾಯ್ತು. ಸಮುದ್ರ, ನೆಟ್ಟಗಿನ ಕಾಂಡಗಳ ತೋಪು, ಹಿಮದ ಬಯಲು, ಇವು ಕಿಟಕಿಯ ಹಿಂದೆ ಆರಾಮಾಗಿ ಕೂರುತ್ತವೆ. ತೋಳದ ಮುಖ ಕೂರಲ್ಲ. ನಾಲ್ಕು ಕಿಟಕಿಗೆ ಹಂಚಿಹೋದ ಮುಖದಲ್ಲಿ ಎರಡು ಕಣ್ಣಿನ ನಡುವಿನ ಜಾಗ ಹಿಗ್ಗಿಬಿಡುತ್ತೆ, ತೋಳ ಪೆದ್ದುಪೆದ್ದಾಗಿ ಕಾಣುತ್ತೆ. ಮುಖ ಅಗಲವಾದದ್ದು ಎಂಥವರಿಗೂ ಗೊತ್ತಾಗುತ್ತೆ. ಕಾಡು ಅಗಲವಾದರೆ ಯಾರೂ ಕೇಳಲ್ಲ, ಡ್ರಾಫ್ಟ್ಸ್‌ಮನ್ ಒಬ್ಬರನ್ನು ಬಿಟ್ಟು.

ಇನ್ನೊಂದು ತಪ್ಪು ಬೆಳಕಿನದು. ಪ್ಯಾಟರ್ನ್ ಹಾಳೆಯಲ್ಲಿ ‘ಎಡಕ್ಕೆ ಗಾಢ, ಕೆಳಗೆ ತಿಳಿ’ ಅಂತ ಇತ್ತು, ನಾನು ಕಣ್ಣುಮುಚ್ಚಿ ಹಾಗೇ ಮಾಡಿದೆ. ಆದರೆ ನನ್ನ ಚಿತ್ರದಲ್ಲಿ ಸೂರ್ಯ ಬಲಗಡೆ. ಬಲಗಡೆಯಿಂದ ಒಳಗೆ ಬರೋ ಬಿಸಿಲು ಎಡಗಡೆ ಗೋಡೆಯ ದಪ್ಪದ ಮೇಲೇ ತಾನೇ ಬೀಳಬೇಕು? ನಾನು ಅಲ್ಲೇ ಕಪ್ಪು ಹೊಲಿದಿದ್ದೆ. ಸೂರ್ಯ ಒಂದು ಕಡೆ, ನೆರಳು ಅವನ ಮಾತು ಕೇಳದೆ ಇನ್ನೊಂದು ಕಡೆ. ಮೊದಲು ಚಿತ್ರ ನೋಡಿ, ಆಮೇಲೆ ಪಟ್ಟಿಯ ಬಣ್ಣ ಆರಿಸಿ ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಮೂರನೆಯದು ತಪ್ಪಲ್ಲ, ಸ್ವಭಾವ. ಅಪ್ಪ ಹೇಳಿದ್ದು: “ಇದು ಪರ್ಸ್ಪೆಕ್ಟಿವ್ ಅಲ್ಲಮ್ಮ, ಆಬ್ಲಿಕ್.” ನಿಜವಾಗಿ ಒಂದು ಕಡೆ ನಿಂತು ನೋಡಿದರೆ ಕೆಳಗಿನ ಕಿಟಕಿಯ ಕಟ್ಟೆ ಹೆಚ್ಚು ಕಾಣಬೇಕು, ಮೇಲಿನದು ಕಡಿಮೆ. ಇಲ್ಲಿ ಮೂವತ್ತು ಕಿಟಕಿಗೂ ಎರಡೆರಡಿಂಚಿನ ಒಂದೇ ಕಟ್ಟೆ. ಅಂದರೆ ನೋಡುವವನು ಒಂದೇ ಕಡೆ ನಿಂತಿಲ್ಲ, ಪ್ರತಿ ಕಿಟಕಿಯ ಮುಂದೂ ನಿಂತಿದ್ದಾನೆ. 1435ರಲ್ಲಿ ಇಟಲಿಯ ಆಲ್ಬರ್ಟಿ ಚಿತ್ರವನ್ನು ತೆರೆದ ಕಿಟಕಿಗೆ ಹೋಲಿಸಿದಾಗಿನಿಂದ ಯುರೋಪಿನ ಚಿತ್ರಕಲೆಗೆ ಒಂಟಿ ಕಣ್ಣಿನ ಹಟ. ಈ ಅಟ್ಟದ ಕಿಟಕಿಗೆ ಆ ಹಟ ಇಲ್ಲ. ಹಾಸಿಗೆಯ ಮೇಲೆ ಹರಡೋ ವಸ್ತುವಿಗೆ ಅದೇ ಸರಿ. ಮಲಗಿದವರೂ ನೋಡಬೇಕು, ಪಕ್ಕದಲ್ಲಿ ಕೂತವರೂ ನೋಡಬೇಕು.

ಈ ಹಂತಕ್ಕೆ ಓದುಗರು ಒಂದು ನಿರೀಕ್ಷೆ ಇಟ್ಟುಕೊಂಡಿರುತ್ತಾರೆ ಅಂತ ನನಗೆ ಗೊತ್ತು: ಈಗ ಅಜ್ಜಿಯ ಕೌದಿ ಬರುತ್ತೆ, ಅಮೆರಿಕದ ಪ್ಯಾನೆಲ್ ಸೋಲುತ್ತೆ. ಕೌದಿ ಬರುತ್ತೆ, ಆದರೆ ಬೇರೆ ಕಾರಣಕ್ಕೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನ ಒಂದು ಮೂಲೆಯಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ತುಂಡು ಜೋಡಿಸೋದು, ಪದರ ಸೇರಿಸೋದು ಎಲ್ಲಾ ಒಂದೇ ಓಟದ ಹೊಲಿಗೆಯಲ್ಲಿ. ಪ್ಯಾನೆಲ್‌ನಲ್ಲಿ ನಡು ಮೊದಲೇ ಸಿದ್ಧ, ನಮ್ಮ ಕೆಲಸ ಅದರ ಸುತ್ತ. ಎರಡೂ ಪೂರ್ತಿ ಉಲ್ಟಾ. ಆದರೆ ನಗರದಲ್ಲಿ ಕೂತು ಕೌದಿಯನ್ನು ‘ಪ್ರೀತಿಯ ಹೊಲಿಗೆ’ ಅಂತ ಕರೆದು ಸಾವಿರಾರು ರೂಪಾಯಿಗೆ ಕೊಳ್ಳೋ ನಾವು ಒಂದು ಮರೆಯುತ್ತೇವೆ. ಕೌದಿ ಹುಟ್ಟಿದ್ದು ಹಳೆ ಸೀರೆಯ ತುಂಡನ್ನೂ ಎಸೆಯೋಕಾಗದ ಬಡತನದಿಂದ, ಚಳಿಯಿಂದ. ಅದರ ಅಂದ ಆ ಲೆಕ್ಕಾಚಾರದ ಮೇಲೇ ನಿಂತಿದೆ.

ನನ್ನ ಕಿಟಕಿಯ ಸುಳ್ಳೂ ಅಲ್ಲಿಂದಲೇ ಬಂದದ್ದು. ಸರಿಯಾಗಿ ಮಾಡಬೇಕು ಅಂದರೆ ಪ್ರತಿ ಎರಡು ಚೌಕದ ನಡುವೆ ಒಂದೂವರೆ ಇಂಚು ಚಿತ್ರ ಕತ್ತರಿಸಿ ತೆಗೆದುಬಿಡಬೇಕಿತ್ತು. ನನ್ನ ಪ್ಯಾನೆಲ್ 43 ಇಂಚು ಅಗಲ, 36 ಇಂಚು ಎತ್ತರ. ಆರೂವರೆ ಇಂಚಿನ ಚೌಕ ಪಕ್ಕಪಕ್ಕ ಕತ್ತರಿಸಿದರೆ ಆರು ಸಾಲು ಐದು, ಮೂವತ್ತು ಕಿಟಕಿ. ಪಟ್ಟಿ ಬಿಟ್ಟು ಬಿಟ್ಟು ಕತ್ತರಿಸಿದರೆ ಐದು ಸಾಲು ನಾಲ್ಕು, ಇಪ್ಪತ್ತೇ. ಸತ್ಯದ ಬೆಲೆ ಹತ್ತು ಕಿಟಕಿ. ಅಷ್ಟು ಚೆಂದದ ಬಟ್ಟೆ ಎಸೆಯೋಕೆ ಯಾರಿಗೆ ಮನಸ್ಸು ಬರುತ್ತೆ? ಇಲ್ಲವೇ ಚೌಕಟ್ಟನ್ನೇ ಅರ್ಧ ಇಂಚಿಗೆ ಇಳಿಸಬೇಕು. ಆಗ ಮರೆಯಾದದ್ದೂ ಸೇರಿಸಿದ್ದೂ ಸಮ, ಕೊಂಬೆ ನೇರ ಹೋಗುತ್ತೆ. ಆದರೆ ಅರ್ಧ ಇಂಚಿನಲ್ಲಿ ಆಳ ಹುಟ್ಟಲ್ಲ, ಕಿಟಕಿ ಹೋಗಿ ಬರೀ ಗೆರೆ ಉಳಿಯುತ್ತೆ. ಪ್ಯಾನೆಲ್ ಕ್ವಿಲ್ಟ್ ಮಾಡುವವರು ನಿಜವಾಗಿ ಎದುರಿಸಬೇಕಾದ ಪ್ರಶ್ನೆ ಇದು: ಆಳ ಬೇಕಾ, ನೇರ ಕೊಂಬೆ ಬೇಕಾ, ಎರಡೂ ಬೇಕು ಅಂದರೆ ಎಷ್ಟು ಕಳೆದುಕೊಳ್ಳೋಕೆ ತಯಾರಿದ್ದೀರಿ? ಚಿತ್ರ ಯಾರು ಬರೆದದ್ದು ಅನ್ನೋದು ಆಮೇಲಿನ ಮಾತು.

ವಾಪಸ್ ಹೋಗೋ ಮೊದಲು ಅಪ್ಪನಿಗೆ ಕೇಳಿದೆ, ಇದನ್ನು ಬಿಚ್ಚಿ ಸರಿ ಮಾಡಿಕೊಡಲಾ ಅಂತ. “ಬೇಡ, ಇದರಲ್ಲಿ ನನಗೆ ಕೆಲಸ ಇದೆ” ಅಂದರು. ಔಷಧದ ಬಿಲ್ಲಿನ ಹಿಂದೆ ಪೆನ್ಸಿಲಿನಲ್ಲಿ ಮೂವತ್ತು ಚೌಕ ಎಳೆದು, ಎಲ್ಲೆಲ್ಲಿ ಕೊಂಬೆ ತಪ್ಪಿದೆ ಅಂತ ಗುರುತು ಹಾಕುತ್ತಾ ಇದ್ದರು. ಹನ್ನೊಂದು ಸಿಕ್ಕಿದ್ದವಂತೆ. ಬಿದ್ದ ಮೇಲೆ ಅವರ ಕೈಯಲ್ಲಿ ಪೆನ್ಸಿಲ್ ನೋಡಿದ್ದು ಅದೇ ಮೊದಲು. ನಾನು ಕಾಡು ಕೊಟ್ಟು ಗೋಡೆ ಮರೆಸೋಣ ಅಂದುಕೊಂಡಿದ್ದೆ. ಅವರಿಗೆ ಕಾಡು ಬೇಕಿರಲಿಲ್ಲ, ಗೋಡೆಯೂ ಅಷ್ಟೇನೂ ಕಾಡಿರಲಿಲ್ಲವೇನೋ. ನೋಡಿ ತಪ್ಪು ಹಿಡಿಯೋಕೆ ಏನಾದರೂ ಬೇಕಿತ್ತು.

ಈಗ ಅಪ್ಪ ವಾಕರ್ ಹಿಡಿದು ಹಾಲ್‌ವರೆಗೆ ನಡೀತಾರೆ. ಕ್ವಿಲ್ಟ್ ದಿವಾನದ ಮೇಲಿದೆ. ನಾನು ಇನ್ನೊಂದು ಪ್ಯಾನೆಲ್ ತಂದಿಟ್ಟಿದ್ದೇನೆ, ಈ ಸಲ ಇಪ್ಪತ್ತು ಕಿಟಕಿ. ಕತ್ತರಿಸೋ ಮೊದಲು ಫೋಟೋ, ಅಳತೆ ಎರಡನ್ನೂ ಅಪ್ಪನಿಗೆ ಕಳಿಸಿದೆ. ಒಂದು ವಾರ ಆಯ್ತು, ಉತ್ತರ ಇಲ್ಲ. ಅಮ್ಮ ಹೇಳಿದರು, ಹಳೆ ಟ್ರಂಕಿನಲ್ಲಿ ಸೆಟ್ ಸ್ಕ್ವೇರ್ ಹುಡುಕ್ತಾ ಇದ್ದಾರಂತೆ.