ಶಿಶುಪೋಷಣೆಯ ಹಿಟ್ಟು: ಸಂಶೋಧನೆ ನಡೆದ ದಾರಿ

ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಪರಿಷೆಯಲ್ಲಿ ರಾಶಿ ಬೀಳುವ ಕಡಲೆಕಾಯಿಯು ಒಂದು ಕಾಲಕ್ಕೆ ಅಪೌಷ್ಟಿಕ ಮಕ್ಕಳ ಆಹಾರವಾಗಿ ಪ್ರಯೋಗಶಾಲೆಯನ್ನು ಹೊಕ್ಕಿತ್ತೆಂಬುದನ್ನು ಬಲ್ಲವರು ವಿರಳ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯವು ಡಾ. ವಿ. ಸುಬ್ರಹ್ಮಣ್ಯನ್ ಅವರ ನೇತೃತ್ವದಲ್ಲಿ, ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು 75 ಪಾಲು, ಕಡಲೆ ಹಿಟ್ಟು 25 ಪಾಲು ಬೆರೆಸಿ, ಜೀವಸತ್ವಗಳನ್ನು ಕೂಡಿಸಿ 'ವಿವಿಧೋದ್ದೇಶ ಆಹಾರ'ವನ್ನು ಸಿದ್ಧಪಡಿಸಿತು. ಅಗ್ಗವಾದ, ನಿರಾಮಿಷವಾದ ಪದಾರ್ಥ.

ಅಂದಿನವರ ದೃಷ್ಟಿಯೆಲ್ಲ ಪ್ರೋಟೀನಿನ ಮೇಲಿತ್ತು. ಬಡಮಗುವಿಗೆ ಮೊದಲು ಸಾಲದಿರುವುದು ಒಟ್ಟು ಆಹಾರವೇ ಎಂದು ಹೈದರಾಬಾದಿನ ಸಿ. ಗೋಪಾಲನ್ ಮುಂತಾದವರು ವಾದಿಸಿದರು. 1974ರಲ್ಲಿ ಮೆಕ್‌ಲಾರೆನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರೋಟೀನಿನ ಹಂಬಲವನ್ನು ಕಟುವಾಗಿ ಖಂಡಿಸಿದರು. ಈ ನಡುವೆ, 1960ರಲ್ಲಿ ಇಂಗ್ಲೆಂಡಿನ ಟರ್ಕಿ ಕೋಳಿಗಳ ಸಾವಿನಿಂದ, ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುವುದೂ ಬಯಲಾಯಿತು. (ತೇವದ ದಾಸ್ತಾನು ಕೆಡುತ್ತದೆಂಬುದು ಮಂಡಿಯವರಿಗೆ ಹಳೆಯ ಸಂಗತಿ.) 1990ರ ದಶಕದಲ್ಲಿ ಫ್ರಾನ್ಸಿನಲ್ಲಿ ಅದೇ ಕಡಲೆಕಾಯಿಗೆ ಹಾಲಿನ ಪುಡಿ, ಎಣ್ಣೆ, ಸಕ್ಕರೆ ಸೇರಿ ಪೊಟ್ಟಣದ ಲೇಹ್ಯವಾಯಿತು. ತೀವ್ರವಾಗಿ ಸೊರಗಿದ ಮಕ್ಕಳ ಪ್ರಾಣ ಉಳಿಸಿದ ಕೀರ್ತಿ ಅದಕ್ಕೆ ಸಲ್ಲಬೇಕು.

2021ರಲ್ಲಿ ಪ್ರಕಟವಾದ ಢಾಕಾದ ಪ್ರಯೋಗ ಕುತೂಹಲಕರ. ಕರುಳಿನ ಸೂಕ್ಷ್ಮಜೀವಿಗಳನ್ನು ಗಮನದಲ್ಲಿಟ್ಟು ಕಡಲೆ, ಕಡಲೆಕಾಯಿ, ಸೋಯಾ, ಬಾಳೆಕಾಯಿಗಳಿಂದ ಮಾಡಿದ ಆಹಾರವು, ಹೆಚ್ಚು ಕ್ಯಾಲೊರಿಯ ರೂಢಿಯ ಪೂರಕಕ್ಕಿಂತ ಮಕ್ಕಳ ಬೆಳವಣಿಗೆಗೆ ಹೆಚ್ಚು ಒದಗಿತು. ಮೈಸೂರಿನ ಎರಡು ಧಾನ್ಯಗಳೂ ಮರಳಿ ಬಂದಿವೆ, ಬೇರೊಂದು ಕಾರಣದಿಂದ.

ಇದನ್ನು ಕಂಡು ಸಸ್ಯಾಹಾರವೇ ಗೆದ್ದಿತೆಂದು ಸಾರುವುದು ಸತ್ಯವ್ರತಕ್ಕೆ ಒಪ್ಪದು. ಪ್ರಯೋಗದ ಮಕ್ಕಳು ಸುಮಾರು 120. ಹೋಲಿಕೆ ಮತ್ತೊಂದು ಪೂರಕದೊಡನೆಯೇ ಹೊರತು ಮೊಟ್ಟೆಯೊಡನಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಗಳೂ ಸಸ್ಯಾಹಾರಿ ಸಂಘಟನೆಗಳೂ ವಿರೋಧಿಸಿದವು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಗೊತ್ತಾಯಿತು. ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ತಕ್ಕಡಿ ಹಿಡಿದವನು ಇದನ್ನು ಸಮತೂಕವೆನ್ನಲಾರ. ಅಹಿಂಸೆಯ ಹೆಸರಿನಲ್ಲಿ ಒಂದನ್ನು ಬೇಡವೆಂದವರು ಅದಕ್ಕೆ ಸಮನಾದುದನ್ನು ಕೊಡಬೇಕಾದ ಹೊಣೆಗಾರರು. ಕೊಡದಿದ್ದರೆ ನಷ್ಟ ಮಗುವಿನದು.

ಮೈಸೂರಿನ ಹಳೆಯ ಹಿಟ್ಟನ್ನು ಬೂಷ್ಟಿಲ್ಲದ ಕಾಳಿನಿಂದ ಮಾಡಿ, ಮೊಟ್ಟೆಯೊಡನೆ ನೇರವಾಗಿ ಹೋಲಿಸಿ ನೋಡುವ ಪ್ರಯೋಗವೊಂದು ನಡೆಯಲಿ. ಚಾಮರಾಜಪೇಟೆ, ಮಲ್ಲೇಶ್ವರಗಳ ದಾನಿಗಳು ಆಹಾರದಾನಕ್ಕೆಂದು ತೆಗೆದಿಡುವುದರಲ್ಲಿ ಒಂದು ಪಾಲು ಅದಕ್ಕೆ ಸಲ್ಲಲಿ. ಫಲಿತಾಂಶ ಯಾವ ಕಡೆ ವಾಲಿದರೂ ಅದನ್ನು ಅಚ್ಚು ಹಾಕಿಸಬೇಕೆಂಬ ಕರಾರೂ ಇರಲಿ.