ಎದುರುಬದುರು ನಿಂತ ಎರಡು ಶಾರೀರ

ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂತೆಂದರೆ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೀಮೆಯ ಹಳ್ಳಿಗಳಲ್ಲಿ ಇವತ್ತಿಗೂ ಪೌರಾಣಿಕ ನಾಟಕದ ತಾಲೀಮು ಶುರುವಾಗುತ್ತದೆ. ಅಡಿಕೆ ತೋಟದವರು, ಅಂಗಡಿಯವರು, ಶಾಲೆಯ ಮೇಷ್ಟ್ರು ರಾತ್ರಿ ಊಟ ಮುಗಿಸಿ ಬಂದು ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ತಿಂಗಳುಗಟ್ಟಲೆ ಮಟ್ಟು ಕಲಿಯುತ್ತಾರೆ. ದುರ್ಯೋಧನ, ಭೀಮ, ಕೃಷ್ಣ ಎಲ್ಲರೂ ಊರಿನವರೇ. ದ್ರೌಪದಿ, ರುಕ್ಮಿಣಿ, ಉತ್ತರೆಯರು ಮಾತ್ರ ಸಂಭಾವನೆ ಕೊಟ್ಟು ಕರೆಸಿದ ವೃತ್ತಿ ಕಲಾವಿದೆಯರು. ನಾಟಕದ ದಿನ ಬಂದಿಳಿದು, ಶ್ರುತಿ ಎಷ್ಟೆಂದು ಮೇಷ್ಟ್ರನ್ನು ವಿಚಾರಿಸಿ, ರಾತ್ರಿ ರಂಗಕ್ಕೇರಿ, ಅಲ್ಲಿಯವರೆಗೆ ಮುಖವನ್ನೂ ನೋಡಿರದ ಅರ್ಜುನನ ಹಾಡಿಗೆ ಎದುರು ಹಾಡುತ್ತಾರೆ. ಅವನು ಪಲ್ಲವಿ ಬಿಟ್ಟ ಕಡೆ ಹಿಡಿಯುತ್ತಾರೆ, ತಾಳ ತಪ್ಪಿದರೆ ಸಂಭಾಳಿಸುತ್ತಾರೆ.

ಗಂಡು-ಹೆಣ್ಣು ಎದುರುಬದುರು ನಿಂತು ಹಾಡಿನಲ್ಲೇ ವಾದ ಮಾಡುವ ಈ ಕ್ರಮವನ್ನು ಬೆಳೆಸಿದವರು ಕಂಪನಿ ನಾಟಕದವರು. ಕಂಪನಿಗಳಲ್ಲಿ ಅದಕ್ಕೆ ಆಸರೆಯಾಗಿ ನಿಂತದ್ದು ಹಲವು ಕಡೆ ಒಂದು ದಾಂಪತ್ಯ. ನಮ್ಮ ರಂಗ ಇತಿಹಾಸ ಆ ಜೋಡಿಗಳ ಬಗ್ಗೆ ಬರೆಯುವಾಗ ಗಂಡನಿಗೆ ಅಧ್ಯಾಯ ಕೊಟ್ಟು ಹೆಂಡತಿಗೆ ಒಂದು ಸಾಲು ಕೊಟ್ಟಿದೆ. ಸಂಗೀತದ ಕಡೆಯಿಂದ ನೋಡಿದರೆ ಈ ಲೆಕ್ಕ ತಪ್ಪು.

ಚಿತ್ರದುರ್ಗದ ಸೀಮೆಯಿಂದ ಈ ಪರಂಪರೆಯನ್ನು ನೋಡುವುದಕ್ಕೆ ಒಂದು ಅನುಕೂಲವಿದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ಹಾದಿ ಗುಬ್ಬಿ, ತಿಪಟೂರು, ಅರಸೀಕೆರೆ ದಾಟಿ, ಹೊಸದುರ್ಗ ರೋಡ್ ನಿಲ್ದಾಣದ ಮೇಲೆ ಹಾದು, ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿಗೆ ಬಂದು ದಾವಣಗೆರೆಯತ್ತ ಸಾಗುತ್ತದೆ. ಈ ಹಾದಿಯ ಒಂದು ತುದಿಗೆ ಮೈಸೂರು ಸೀಮೆಯ ಕರ್ನಾಟಕ ಸಂಗೀತದ ರಂಗಗೀತೆ, ಇನ್ನೊಂದು ತುದಿಗೆ ಹಿಂದೂಸ್ತಾನಿ ರಾಗಗಳಲ್ಲಿ ಅದ್ದಿ ತೆಗೆದ ನಾಟ್ಯಗೀತೆ. ನಡುವೆ ದುರ್ಗದ ಸೀಮೆ. ಪರದೆ, ಪೆಟಾರಿ, ಕಾಲು ಹಾರ್ಮೋನಿಯಂಗಳ ಸಮೇತ ಊರಿಂದೂರಿಗೆ ಹೋಗುತ್ತಿದ್ದ ಕಂಪನಿಗಳಿಗೆ ರೈಲೇ ಹೆದ್ದಾರಿ. ಹಳ್ಳಿಯ ಹಾರ್ಮೋನಿಯಂ ಮೇಷ್ಟ್ರ ಬೆರಳಲ್ಲಿ ಎರಡೂ ಕಡೆಯ ವರಸೆ ಬೆರೆತು ಬರುವುದು ಅಚ್ಚರಿಯೇನಲ್ಲ.

ಮೊದಲು ಗುಬ್ಬಿಯ ಕಡೆ. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಅದರೊಳಗೆ ಬಾಲನಟನಾಗಿ ಬಂದ ವೀರಣ್ಣ ಮುಂದೆ ಅದರ ಒಡೆಯರಾಗಿ, ನಾಟಕರತ್ನ ಎಂಬ ಬಿರುದು ಹೊತ್ತು, ಕಂಪನಿಯನ್ನು ನಾಡಿನಾಚೆಗೂ ಕರೆದೊಯ್ದರು. 1934ರ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ-ಕುದುರೆಗಳನ್ನು ರಂಗಕ್ಕೆ ತಂದ ಸಾಹಸ ಇಂದಿಗೂ ಮನೆಮಾತು. ಆದರೆ ಅವರ ಪ್ರತಿಭೆಯ ತಿರುಳು ಹಾಸ್ಯದಲ್ಲಿತ್ತು. ಬೆಳ್ಳಾವೆ ನರಹರಿ ಶಾಸ್ತ್ರಿಗಳ 'ಸದಾರಮೆ'ಯಲ್ಲಿ ಅವರು ಮಾಡುತ್ತಿದ್ದ ಕಳ್ಳನ ಪಾತ್ರಕ್ಕೆಂದೇ ಜನ ಬರುತ್ತಿದ್ದರು. ಮಾತಿನ ಸಮಯಸ್ಫೂರ್ತಿ, ಮೈಯ ಚುರುಕು, ಹಾಡನ್ನೂ ಮಾತಿನಂತೆ ಎತ್ತಿ ಎಸೆಯುವ ಗತ್ತು ಅವರ ಬಂಡವಾಳ.

ಇಂಥ ನಟನ ಕಂಪನಿಯಲ್ಲಿ ರಸವನ್ನು ಹಾಡಿನಲ್ಲಿ ಹಿಡಿದು ನಿಲ್ಲಿಸುವವರು ಬೇರೆ ಬೇಕು. ಆ ಹೊಣೆ ಹೊತ್ತವರಲ್ಲಿ ಬಿ. ಜಯಮ್ಮ ಮುಖ್ಯರು. ಚಿಕ್ಕಮಗಳೂರಿನಲ್ಲಿ 1915ರಲ್ಲಿ ಹುಟ್ಟಿದ ಅವರು ಗುಬ್ಬಿ ಕಂಪನಿಯ ಗಾಯಕಿ-ನಟಿಯಾಗಿ ಬೆಳೆದು ವೀರಣ್ಣನವರನ್ನು ಮದುವೆಯಾದರು. ಗಂಡಸರೇ ಸೀರೆ ಉಟ್ಟು ಹಾಡುತ್ತಿದ್ದ ಕಾಲ ಅದು. ಮೈಸೂರು ಸೀಮೆಯಲ್ಲಿ ಹೆಣ್ಣು ಪಾತ್ರಕ್ಕೆ ಹೆಣ್ಣುಮಕ್ಕಳನ್ನೇ ಮೊದಮೊದಲು ತಂದ ಕಂಪನಿಗಳಲ್ಲಿ ಗುಬ್ಬಿಯದೂ ಒಂದು. ನಟಿಯರನ್ನು ಗೌರವದಿಂದ ಕಾಣದ ಸಮಾಜದಲ್ಲಿ ಮಾಲೀಕನ ಮಡದಿ ಎಂಬ ಸ್ಥಾನ ಒಂದು ರಕ್ಷೆಯಾಯಿತು. ಊರೂರಿನ ಬಿಡಾರದಲ್ಲಿ, ಟೆಂಟಿನ ಹಿಂದಿನ ಬದುಕಿನಲ್ಲಿ ಆ ರಕ್ಷೆ ಸಣ್ಣದಲ್ಲ.

ಆದರೆ ಬದಲಾವಣೆ ಸಾಮಾಜಿಕವಷ್ಟೇ ಅಲ್ಲ, ಶ್ರುತಿಯದೂ ಹೌದು. ಇಬ್ಬರು ಗಂಡಸರು ನಾಯಕ-ನಾಯಕಿಯಾಗಿ ಹಾಡುವಾಗ ಎರಡೂ ದನಿ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಓಡಾಡುತ್ತವೆ. ಹೆಣ್ಣಿನ ಶಾರೀರ ಬಂದೊಡನೆ ಆಧಾರ ಷಡ್ಜವನ್ನು ಎಲ್ಲಿಡಬೇಕೆಂಬ ಪ್ರಶ್ನೆ ಏಳುತ್ತದೆ. ಅವಳ ಶ್ರುತಿಗೆ ಇಟ್ಟರೆ ಅವನು ತಾರಸ್ಥಾಯಿಗೆ ಏರಬೇಕು, ಅವನದಕ್ಕೆ ಇಟ್ಟರೆ ಅವಳು ಮಂದ್ರಕ್ಕೆ ಇಳಿಯಬೇಕು. ಒಬ್ಬರ ದನಿ ಒಬ್ಬರಿಗೆ ಚೆನ್ನಾಗಿ ಗೊತ್ತಿದ್ದರೆ ಮಾತ್ರ ಇದು ಸಲೀಸು. ವರ್ಷಗಟ್ಟಲೆ ಒಟ್ಟಿಗೆ ಬಾಳಿದ ಜೋಡಿ ಇಲ್ಲಿ ಗೆಲ್ಲುತ್ತದೆ. ಒಂದು ರಾತ್ರಿ ಗಂಟಲು ಕಟ್ಟಿದ್ದರೆ ಇನ್ನೊಬ್ಬರು ಚರಣ ಎತ್ತಿಕೊಳ್ಳುತ್ತಾರೆ. 'ಒನ್ಸ್ ಮೋರ್' ಕೂಗು ಬಂದಾಗ ಯಾರು ಮೊದಲು ಹಿಡಿಯಬೇಕೆಂಬುದು ಕಣ್ಣಲ್ಲೇ ತೀರ್ಮಾನವಾಗುತ್ತದೆ.

ಜಯಮ್ಮನವರ ಬದುಕಿನ ಒಂದು ಘಟ್ಟ ತುಂಬ ಕಾಡುತ್ತದೆ. 1931-32ರ ಮೂಕಿ ಚಿತ್ರಗಳಲ್ಲಿ ಅವರ ಮುಖ ಬಂತು, ಹಾಡುಗಾರ್ತಿಯ ದನಿ ಬರಲಿಲ್ಲ. ಮುಂದೆ ವಾಕ್ಚಿತ್ರಗಳು ಬಂದವು. 'ಜೀವನ ನಾಟಕ' (1942), 'ಹೇಮರೆಡ್ಡಿ ಮಲ್ಲಮ್ಮ' (1945), 'ಗುಣಸಾಗರಿ' (1953) ಹೀಗೆ ಸಾಗಿದ ಹಾದಿಯಲ್ಲಿ 1945ರಲ್ಲೇ ಬಿ.ಎನ್. ರೆಡ್ಡಿ ನಿರ್ದೇಶನದ ತೆಲುಗು ಚಿತ್ರ 'ಸ್ವರ್ಗಸೀಮ' ಸಿಕ್ಕಿತು. ಚಿತ್ತೂರು ನಾಗಯ್ಯನವರ ನಾಯಕ ಒಬ್ಬ ನಟಿಯ ಮೋಹಕ್ಕೆ ಬಿದ್ದು ಮನೆ ಮರೆಯುತ್ತಾನೆ. ಭಾನುಮತಿ ಆ ನಟಿಯಾದರು. ಮನೆಯಲ್ಲಿ ಕಾಯುವ ಸಾಧ್ವಿ ಹೆಂಡತಿಯಾದವರು ಜಯಮ್ಮ, ಅಂದರೆ ಬಾಲ್ಯದಿಂದ ರಂಗದ ಮೇಲೆಯೇ ಬೆಳೆದವರು! ರಂಗದ ಹೆಣ್ಣು ಪರದೆಯ ಮೇಲೆ ಗೃಹಿಣಿಯಾಗಿ ನಂಬಿಕೆ ಗಳಿಸಿದ್ದು ಅಭಿನಯದ ಗೆಲುವು. ಅದರ ಜೊತೆಗೆ, ಅವರನ್ನು ಪತ್ನಿಯಾಗಿಯೇ ನೋಡಲು ಕಾಲ ಎಷ್ಟು ಒಗ್ಗಿಹೋಗಿತ್ತು ಎಂಬುದಕ್ಕೂ ಅದು ಸಾಕ್ಷಿ.

ಹಾದಿಯ ಇನ್ನೊಂದು ತುದಿಯ ಕಥೆ ಬೇರೆ. ಬೀಳಗಿಯ ಗೋಹರ್‌ಬಾಯಿ ಕರ್ನಾಟಕಿ 1938ರಲ್ಲಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಮಂಡಳಿ ಸೇರಿದರು. 1951ರಲ್ಲಿ ಇಬ್ಬರೂ ಮದುವೆಯಾದರು. ಬಾಲಗಂಧರ್ವರೆಂದರೆ ಹೆಣ್ಣು ಪಾತ್ರದ ಗಾಯನದಲ್ಲಿ ಹೆಂಗಸರಿಗೇ ಮಾದರಿಯಾದ ಗಂಡಸು. ಅವರ ಗಾಯನಶೈಲಿಯನ್ನು ಗೋಹರ್‌ಬಾಯಿ ಎಷ್ಟು ಮೈಗೂಡಿಸಿಕೊಂಡಿದ್ದರೆಂದರೆ ಧ್ವನಿಮುದ್ರಿಕೆ ಕೇಳಿದವರಿಗೆ ಗುರುವಿನ ನೆರಳು ಕಂಡೇ ಕಾಣುತ್ತದೆ. ಹೆಣ್ಣಿನ ಹಾಡನ್ನು ಗಂಡಸು ರೂಪಿಸಿ, ಅದನ್ನು ಮತ್ತೆ ಹೆಣ್ಣೇ ಹಾಡಿದ ಈ ಸುತ್ತು ಭಾರತೀಯ ರಂಗಸಂಗೀತದಲ್ಲೇ ಅಪರೂಪ. ಮಂಡಳಿಯ ಇಳಿಗಾಲದ ಹೊಣೆಗೆಲ್ಲ ಗೋಹರ್‌ಬಾಯಿಯನ್ನೇ ಗುರಿ ಮಾಡಿದವರು ಮಹಾರಾಷ್ಟ್ರದಲ್ಲಿ ಬಹಳ. ಅವರ ತಂಗಿ ಅಮೀರಬಾಯಿ 1943ರ 'ಕಿಸ್ಮತ್' ಹಾಡುಗಳಿಂದ ದೇಶವನ್ನೇ ಗೆದ್ದರು, ತಮ್ಮದೇ ಹೆಸರಿನಲ್ಲಿ. ಒಂದೇ ಮನೆಯ ಇಬ್ಬರು ಗಾಯಕಿಯರ ನೆನಪು ಹೀಗೆ ಬೇರೆಯಾದದ್ದರಲ್ಲಿ, ಯಾರ ಪಕ್ಕದಲ್ಲಿ ನಿಂತು ಹಾಡಿದರು ಎಂಬುದರ ಪಾಲೂ ಇದೆ.

ಬೆಳಗಾವಿ ಸೀಮೆಯ ಏಣಗಿ ಬಾಳಪ್ಪ (1914-2017) ಮತ್ತು ಲಕ್ಷ್ಮೀಬಾಯಿ ಏಣಗಿ ಈ ಪರಂಪರೆಯ ಇನ್ನೊಂದು ಹದವಾದ ಜೋಡಿ. ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ ಬಸವಣ್ಣನನ್ನು ರಂಗದ ಮೇಲೆ ನಡೆಸಿದಾಗ ವಚನಗಳು ಸಾಮಾನ್ಯ ಪ್ರೇಕ್ಷಕರ ಬಾಯಲ್ಲಿ ಹಾಡಾದವು. ವಚನವನ್ನು ಎದೆಗಿಳಿಸಬೇಕಾದರೆ ಆಲಾಪ ಕಡಿಮೆ, ಅಕ್ಷರ ಸ್ಪಷ್ಟ ಇರಬೇಕು. ಆ ಸಂಯಮ ಈ ಕಂಪನಿಯ ಕೊಡುಗೆ.

ಜಗತ್ತಿನ ಬೇರೆಡೆ ಇಂಥ ಜೋಡಿಗಳ ಹೆಸರು ಹೇಗೆ ಉಳಿದಿದೆ ನೋಡಿ. ಬ್ರೆಜಿಲ್‌ನ ಗಾಯಕಿ ಫ್ಲೋರಾ ಪುರಿಮ್ ಮತ್ತು ತಾಳವಾದ್ಯಗಾರ ಐರ್ಟೊ ಮೊರೇರಾ ದಂಪತಿ ಅಮೆರಿಕಕ್ಕೆ ಹೋಗಿ, 1972ರಲ್ಲಿ ಚಿಕ್ ಕೊರಿಯಾರ 'ರಿಟರ್ನ್ ಟು ಫಾರೆವರ್' ಮೇಳದಲ್ಲಿ ಒಟ್ಟಿಗೆ ದುಡಿದರು. ಮರುವರ್ಷ ಧ್ವನಿಮುದ್ರಣಗೊಂಡ 'ಬಟರ್‌ಫ್ಲೈ ಡ್ರೀಮ್ಸ್' ಹೊರಬಂದದ್ದು ಫ್ಲೋರಾ ಹೆಸರಿನಲ್ಲಿ. ಗಂಡ ಅದರಲ್ಲಿ ತಾಳ ನುಡಿಸಿದರು. ಅಲ್ಲಿ ಧ್ವನಿಮುದ್ರಿಕೆಯ ಹೊದಿಕೆಯೇ ಇಬ್ಬರ ಪಾಲನ್ನೂ ಬರೆದಿಟ್ಟಿತು. ನಮ್ಮ ಕಂಪನಿಗಳಲ್ಲಿ ಉಳಿದದ್ದು ಕರಪತ್ರ, ಮಾಲೀಕರ ಹೆಸರು ಹೊತ್ತ ಬೋರ್ಡು ಮತ್ತು ಕೇಳಿದವರ ನೆನಪು.

ಹಾಗೆಂದು ಈ ಪರಂಪರೆಯನ್ನು ಬರೀ ಹೊಗಳಿ ಮುಗಿಸುವಂತಿಲ್ಲ. ದಾಂಪತ್ಯದ ಆಸರೆಯಲ್ಲಿ ಬೆಳೆದ ಗಾಯಕಿಗೆ ಕಂಪನಿಯ ಹಣದ ಮೇಲೆ, ನಾಟಕದ ಆಯ್ಕೆಯ ಮೇಲೆ ಎಷ್ಟು ಹಿಡಿತವಿತ್ತು? ಮಾಲೀಕ ನಾಯಕನಾದ ಕಡೆ ಕಥೆ ಅವನ ಸುತ್ತ ತಿರುಗಿತು, ಅವಳಿಗೆ ಸಾಧ್ವಿಯ ಶೋಕಗೀತೆ ಮೀಸಲಾಯಿತು. ವೀರರಸದ ಹಾಡು ಹೆಣ್ಣಿನ ಗಂಟಲಿಗೆ ಸಿಕ್ಕಿದ್ದು ಕಡಿಮೆ. ಅದು ಸಾಧ್ಯ ಎಂದು ತೋರಿಸಿದವರು ಮೈಸೂರಿನ ಆರ್. ನಾಗರತ್ನಮ್ಮ. 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಹೆಂಗಸರನ್ನೇ ಸೇರಿಸಿ, ತಾವೇ ಕಂಸ, ರಾವಣ, ದುರ್ಯೋಧನರಾಗಿ ಅಬ್ಬರಿಸಿದರು. ಜೋಡಿಯ ಪರಂಪರೆ ಕೊಡದೆ ಉಳಿಸಿಕೊಂಡಿದ್ದನ್ನು ಅವರು ಅದರ ಹೊರಗೆ ನಿಂತು ಪಡೆದರು.

ಗುಬ್ಬಿ ಮನೆತನದ ಒಳಗಿನಿಂದಲೂ ಉತ್ತರ ಬಂತು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ತಮ್ಮ ಸ್ಪಂದನ ತಂಡದ 'ಸದಾರಮೆ'ಯಲ್ಲಿ ಆರಿಸಿಕೊಂಡದ್ದು ತಾತನ ಕಳ್ಳನ ಪಾತ್ರವನ್ನೇ. ಆ ದಪ್ಪ, ಮಣ್ಣಿನ ದನಿಯಲ್ಲಿ ಹಾಸ್ಯ ಮತ್ತು ಹಾಡು ಒಂದೇ ಶಾರೀರಕ್ಕೆ ಬಂದು ಸೇರಿದವು. ಹಿಂದೆ ಇಬ್ಬರ ನಡುವೆ ಹಂಚಿಹೋಗಿದ್ದ ಕೆಲಸವನ್ನು ಒಬ್ಬ ಹೆಣ್ಣುಮಗಳು ಪೂರ್ತಿಯಾಗಿ ತನ್ನದಾಗಿಸಿಕೊಂಡಳು.

ದುರ್ಗದ ಸೀಮೆಯಲ್ಲಿ ಈಗ ರಂಗದ ಹಾಡಿಗೆ ಇನ್ನೊಂದು ನೆಲೆಯಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1997ರಲ್ಲಿ ಆರಂಭಿಸಿದ ಶಿವಸಂಚಾರ ಎಂಬ ತಿರುಗಾಟದ ನಾಟಕ ತಂಡ ಪ್ರತಿವರ್ಷ ಹೊಸ ನಾಟಕಗಳೊಂದಿಗೆ ನಾಡು ಸುತ್ತುತ್ತದೆ. ಇಲ್ಲಿ ಹುಡುಗಿಯರು ಬರುವುದು ಯಾರ ಮಡದಿಯೆಂದಲ್ಲ, ರಂಗ ಕಲಿಯಲೆಂದು. ಆದರೆ ಇಲ್ಲಿನ ಹಾಡು ಬಹುಮಟ್ಟಿಗೆ ಮೇಳದ ಹಾಡು. ಗಾಯಕರು ರಂಗದ ಪಕ್ಕದಲ್ಲಿ ಕೂತಿರುತ್ತಾರೆ, ನಟರು ನಡುವೆ ಆಡುತ್ತಾರೆ. ಎದುರುಬದುರು ನಿಂತ ಇಬ್ಬರು ನಟರು ಮಾತನ್ನು ಹಾಡಾಗಿಸಿ ಒಬ್ಬರನ್ನೊಬ್ಬರು ಮೀರಿಸಲು ನೋಡುವ ಬಿಸಿ ಇಲ್ಲಿ ತಗ್ಗಿದೆ. ಆಧುನಿಕ ರಂಗಭೂಮಿ ಕಂಪನಿ ನಾಟಕದಿಂದ ಹಾಡನ್ನು ಪಡೆದು ಹಾಡಿನ ಜಗಳವನ್ನು ಬಿಟ್ಟುಬಂದಿದೆ.

ಆ ಜಗಳ ಉಳಿದಿರುವುದು ಹಳ್ಳಿಯ ಅಟ್ಟಣಿಗೆಯ ಮೇಲೆ. ಹೊಳಲ್ಕೆರೆ ಕಡೆಯ ಯಾವುದೋ ಊರಿನಲ್ಲಿ ನಡುರಾತ್ರಿ ದಾಟಿದ ಮೇಲೆ ದ್ರೌಪದಿ ಮುಡಿ ಬಿಚ್ಚಿ ಬರುತ್ತಾಳೆ, ಭೀಮನ ಪಾತ್ರದ ರೈತ ತನ್ನ ಶ್ರುತಿಗಿಂತ ಒಂದು ಮನೆ ಮೇಲೆ ಹಾಡಲು ಒದ್ದಾಡುತ್ತಾನೆ. ಅವಳು ಅದನ್ನು ಗಮನಿಸಿ ಮೇಷ್ಟ್ರ ಕಡೆ ಒಮ್ಮೆ ತಿರುಗುತ್ತಾಳೆ. ಮೇಷ್ಟ್ರು ಶ್ರುತಿ ಇಳಿಸುತ್ತಾರೆ. ಮುಂದಿನ ಚರಣವನ್ನು ಇಬ್ಬರೂ ಒಟ್ಟಿಗೆ ಎತ್ತಿಕೊಳ್ಳುತ್ತಾರೆ. ಬೆಳಗ್ಗೆ ಕರಪತ್ರದಲ್ಲಿ ಹುಡುಕಿದರೆ ಭೀಮನ ಹೆಸರು, ಅವನ ತಂದೆಯ ಹೆಸರು, ಫೋಟೊ ಎಲ್ಲ ಇರುತ್ತದೆ. ದ್ರೌಪದಿಯ ಹೆಸರು ಕೊನೆಯ ಸಾಲಿನಲ್ಲಿ, ಸ್ತ್ರೀ ಪಾತ್ರಗಳು ಎಂಬುದರ ಎದುರಿಗೆ.