ಎಳೆದವರು ಬಿಡದಿದ್ದರೆ? – 'ಒತ್ತಡ ನಿರ್ವಹಣೆ'ಯ ಉಪನ್ಯಾಸಗಳನ್ನು ಕುರಿತು

ಶಾಲಾ ಕಾಲೇಜುಗಳಲ್ಲಿ ನಡೆಯುವ 'ಒತ್ತಡ ನಿರ್ವಹಣೆ' ಉಪನ್ಯಾಸವನ್ನು ನೀವೂ ಕೇಳಿರುತ್ತೀರಿ. ದೀರ್ಘವಾಗಿ ಉಸಿರಾಡಿ, ಒಳ್ಳೆಯದನ್ನೇ ಯೋಚಿಸಿ, ವೇಳಾಪಟ್ಟಿ ಹಾಕಿಕೊಳ್ಳಿ ಎಂದು ಅದು ಸಾಗುತ್ತದೆ. ಕೆಲವು ವರ್ಷಗಳ ಹಿಂದೆ ಕುಣಿಗಲ್ ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ನಾನೇ ಅಂಥದೊಂದು ಉಪನ್ಯಾಸ ಕೊಟ್ಟೆ. ಭೌತಶಾಸ್ತ್ರದ ಮೇಷ್ಟ್ರಲ್ಲವೇ? ರಬ್ಬರ್ ಬ್ಯಾಂಡೊಂದನ್ನು ಎಳೆದು ಬಿಟ್ಟು, "ನೋಡಿ, ಮೊದಲಿನ ಆಕಾರಕ್ಕೆ ಮರಳಿತು. ಮನಸ್ಸೂ ಹೀಗೇ ಸ್ಥಿತಿಸ್ಥಾಪಕ" ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಎಳ್ದೋರು ಬಿಡ್ದೇ ಇದ್ರೆ ಸಾರ್?"

ಎಲ್ಲರೂ ನಕ್ಕರು. ಆಕೆ ನಗಲಿಲ್ಲ. ನಾನು ಸ್ಥಿತಿಸ್ಥಾಪಕ ಮಿತಿಯ ಬಗ್ಗೆ ಏನೋ ಹೇಳಿ ಮುಂದುವರಿದೆ. ಆಕೆಯ ಮನೆಯ ಜಗಲಿಯ ಮೇಲೆ ವಾರದ ಕಂತಿಗಾಗಿ ಫೈನಾನ್ಸ್‌ನವರು ಬಂದು ಕೂರುತ್ತಾರೆಂದು ಆಮೇಲೆ ಅಲ್ಲಿಯ ಅಧ್ಯಾಪಕರಿಂದ ತಿಳಿಯಿತು.

ಮೊದಲು ಪದವನ್ನೇ ನೋಡೋಣ. ನಮ್ಮ ಪಠ್ಯಪುಸ್ತಕಗಳಲ್ಲಿ 'ಒತ್ತಡ' ಎಂದರೆ ಅನಿಲದ ಒತ್ತಡ, ವಾಯುಮಂಡಲದ ಒತ್ತಡ. ಎಂಜಿನಿಯರುಗಳ 'ಸ್ಟ್ರೆಸ್'ಗೆ ಭೌತಶಾಸ್ತ್ರದ ಕನ್ನಡದಲ್ಲಿ 'ಪೀಡನ' ಎನ್ನುತ್ತೇವೆ. ಅದರಿಂದ ವಸ್ತುವಿನ ಆಕಾರದಲ್ಲಾಗುವ ಬದಲಾವಣೆ 'ವಿಕೃತಿ'. ಹಾನ್ಸ್ ಸೆಲ್ಯೆ 1936ರಲ್ಲಿ 'ನೇಚರ್' ಪತ್ರಿಕೆಯಲ್ಲಿ, ಬೇರೆ ಬೇರೆ ಹಾನಿಕಾರಕಗಳಿಗೆ ದೇಹ ತೋರುವ ಒಂದೇ ಬಗೆಯ ಪ್ರತಿಕ್ರಿಯೆಯನ್ನು ವಿವರಿಸಿದರು. ಮುಂದೆ ಅದಕ್ಕೆ 'ಸ್ಟ್ರೆಸ್' ಎಂಬ ಹೆಸರು ನಿಂತಿತು. ನಮ್ಮ ಲೆಕ್ಕದಲ್ಲಿ ಅದು ಪೀಡನವಲ್ಲ, ವಿಕೃತಿ. ಈ ಗೊಂದಲ ನಮ್ಮ ಉಪನ್ಯಾಸಗಳಿಗೂ ಅಂಟಿದೆ. ಪರಿಣಾಮವನ್ನು ನಿರ್ವಹಿಸಿಕೊ ಎಂದು ಮಗುವಿಗೆ ಹೇಳುತ್ತೇವೆ. ಹೊರೆ ಯಾವುದೆಂದು ವಿಚಾರಿಸುವುದಿಲ್ಲ. 'ಪೀಡನೆ' ಎಂದಿದ್ದರೆ ಪೀಡಿಸುತ್ತಿರುವವರು ಯಾರೆಂಬ ಪ್ರಶ್ನೆ ತಾನಾಗಿ ಏಳುತ್ತಿತ್ತು.

ಎರಡನೆಯ ತಕರಾರು ಕಾಲಕ್ಕೆ ಸಂಬಂಧಿಸಿದ್ದು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ 'ಆಘಾತೋತ್ತರ ಒತ್ತಡದ ಕಾಯಿಲೆ'ಯನ್ನು ಸೇರಿಸಿತು. 'ಉತ್ತರ' ಎಂದರೆ ಅನಂತರ. ಆಘಾತ ಮುಗಿದಿದೆ, ಅದರ ನೆನಪು ಕಾಡುತ್ತಿದೆ ಎಂಬುದು ಇಲ್ಲಿಯ ಗ್ರಹಿಕೆ. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದಲ್ಲಿ ಹಿಂಸೆಯ ನಡುವೆಯೇ ಇದ್ದ ಯುವಜನರೊಡನೆ ಕೆಲಸ ಮಾಡಿದ ಗಿಲ್ ಸ್ಟ್ರೇಕರ್ ಮತ್ತು ಸಂಗಡಿಗರಿಗೆ ಇದು ಸಾಲದೆಂದು ಕಂಡಿತು. 1987ರಲ್ಲಿ ಅವರು 'ನಿರಂತರ ಆಘಾತದ ಒತ್ತಡ' ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಅಪಾಯ ನಿಜವಾಗಿಯೂ ಬಾಗಿಲಲ್ಲಿರುವಾಗ ಎಚ್ಚರವಾಗಿರುವುದನ್ನು ರೋಗಲಕ್ಷಣವೆಂದು ಸುಮ್ಮನೆ ಕರೆಯಲಾಗದು.

ಇದು ದೂರದ ದೇಶದ ಮಾತೆಂದು ತಿಳಿಯಬೇಡಿ. ಕಿರುಸಾಲದ ವಸೂಲಿಗೆ ಹೆದರಿ ಕುಟುಂಬಗಳು ಊರು ಬಿಟ್ಟ ಸುದ್ದಿಗಳ ಬೆನ್ನಿಗೆ, 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಆ ಮನೆಗಳ ಮಕ್ಕಳೂ ನಮ್ಮ ತರಗತಿಗಳಲ್ಲಿದ್ದಾರೆ. ದಿನವೂ ಕುಡಿದು ಬಂದು ಹೊಡೆಯುವ ತಂದೆಯ ಮಕ್ಕಳೂ ಇದ್ದಾರೆ. ಹೊರಗೆ ಬೈಕಿನ ಸದ್ದಾದರೆ ಅಂಥ ಮಗು ಬೆಚ್ಚುತ್ತದೆ. ಅಡ್ರಿನಲಿನ್ ಏರಿ ಎದೆಬಡಿತ ಹೆಚ್ಚುತ್ತದೆ, ಕಾರ್ಟಿಸಾಲ್ ಸ್ರವಿಸುತ್ತದೆ. ಒಮ್ಮೆ ಆದರೆ ಇದು ರಕ್ಷಣೆ. ತಿಂಗಳುಗಟ್ಟಲೆ ನಡೆದರೆ ನಿದ್ರೆ, ಗಮನ, ನೆನಪಿನ ಶಕ್ತಿ ಕುಗ್ಗುತ್ತವೆ. ನಾವು ಅದನ್ನು 'ಸೋಮಾರಿತನ' ಎಂದು ಬರೆದುಕೊಳ್ಳುತ್ತೇವೆ!

ಭೌತಶಾಸ್ತ್ರಕ್ಕೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಬಹುಕಾಲ ಎಳೆದೇ ಇಟ್ಟ ರಬ್ಬರ್ ಪೂರ್ತಿಯಾಗಿ ಹಿಂದಿರುಗುವುದಿಲ್ಲ. ಒಂದೇ ಸಲಕ್ಕೆ ಮುರಿಯಲು ಸಾಲದಷ್ಟು ಸಣ್ಣ ಹೊರೆಯೂ ಮತ್ತೆ ಮತ್ತೆ ಬಿದ್ದರೆ ಉಕ್ಕಿನ ಅಚ್ಚು ಬಿರುಕು ಬಿಟ್ಟು ಮುರಿಯುತ್ತದೆಂದು ಜರ್ಮನಿಯ ಆಗಸ್ಟ್ ವೋಲರ್ 19ನೆಯ ಶತಮಾನದಲ್ಲೇ ರೈಲುಗಾಡಿಗಳ ಅಚ್ಚುಗಳ ಮೇಲಿನ ಪ್ರಯೋಗಗಳಿಂದ ತೋರಿಸಿದ್ದರು. ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಬಿರುಕು ಬಿಟ್ಟ ಉಕ್ಕು ವಿಶ್ರಾಂತಿಯಿಂದ ಕೂಡಿಕೊಳ್ಳುವುದಿಲ್ಲ. ಸುರಕ್ಷಿತ ಆಸರೆ ಸಿಕ್ಕರೆ ಮಗು ಚೇತರಿಸಿಕೊಳ್ಳಬಲ್ಲದು.

ಉಸಿರಾಟದ ಅಭ್ಯಾಸ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಯ ಅಂಜಿಕೆಗೆ ಅದು ನೆರವಾಗುತ್ತದೆ. ಹೊರೆ ಇಳಿಯದ ಮಗುವಿಗೆ ಅದೊಂದನ್ನೇ ಕೊಟ್ಟು ಕೈತೊಳೆದುಕೊಳ್ಳುವುದು ತಪ್ಪು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟೆಯ ಸ್ವಯಂಚಾಲಿತ ಸೈಫನ್‌ಗಳನ್ನು ನೀವು ನೋಡಿರಬಹುದು. ನೀರು ನಿಗದಿತ ಮಟ್ಟಕ್ಕೇರಿದರೆ ಅವು ತಾವಾಗಿ ಹೊರಬಿಡುತ್ತವೆ. ಯಾರೂ ಗೇಟು ಎತ್ತಬೇಕಿಲ್ಲ. ಶಾಲೆಯ ವ್ಯವಸ್ಥೆಯೂ ಹಾಗಿರಬೇಕು. ಮಗು ತಾನಾಗಿ ಬಂದು ಹೇಳಲೆಂದು ಕಾಯಬಾರದು. ಹಾಜರಿ ಇಳಿದಾಗ, ನಿದ್ದೆಗೆಟ್ಟ ಮುಖ ಕಂಡಾಗ ಯಾರಾದರೊಬ್ಬರು ಒಂಟಿಯಾಗಿ, ಮೆಲ್ಲಗೆ ವಿಚಾರಿಸಬೇಕು. ನೋಡಿ, ಕೇಳಿಸಿಕೊಳ್ಳಿ, ನೆರವಿಗೆ ಜೋಡಿಸಿ – ವಿಶ್ವ ಆರೋಗ್ಯ ಸಂಸ್ಥೆಯ 2011ರ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದೂ ಇಷ್ಟನ್ನೇ.

ಜೋಡಿಸಲು ದಾರಿಗಳಿವೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್‌ನ ಸಂಖ್ಯೆ 14416. ಮಗುವಿಗೆ ಹಿಂಸೆಯಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಿಮ್ಮ ಸಂಸ್ಥೆಯಲ್ಲಿ ಇದ್ದಾರೆಯೇ? ಮುಂದಿನ ಉಪನ್ಯಾಸ ಏರ್ಪಡಿಸುವ ಮುನ್ನ ಇದನ್ನು ಕೇಳಿ.

ಆ ಹುಡುಗಿಗೆ ಅಂದು ಕೊಡದ ಉತ್ತರ ಹೀಗಿರಬೇಕಿತ್ತು: ಎಳೆದವರು ಬಿಡದಿದ್ದರೆ, ಬಿಡಿಸಬೇಕಾದವರು ದೊಡ್ಡವರಾದ ನಾವು. ಅದು ನಿನ್ನೊಬ್ಬಳ ಕೆಲಸವಲ್ಲಮ್ಮ.